ಲ್ಯಾಮಿನೇಶನ್ ಆದ ಒಂದು ದಿನದ ಆಟಗಾರ

ನನ್ನ ಗಂಡನಿಗೆ ಕ್ರಿಕೆಟ್ ಬಿಟ್ಟರೆ ಲೋಕದಲ್ಲಿ ಮುಖ್ಯವಾದ ಸಂಗತಿಗಳು ಎರಡೇ: ಮೀನು ಮತ್ತು ಲ್ಯಾಮಿನೇಶನ್. ಮೀನಿನ ವಿಷಯ ಇಲ್ಲಿ ಬೇಡ, ಅದರಲ್ಲಿ ನಮ್ಮಿಬ್ಬರಿಗೆ ಜಗಳವಿಲ್ಲ. ಗಂಡನ ಹೆಸರು ಹೇಳಿ ಕರೆಯುವ ಅಭ್ಯಾಸ ನನಗೆ ಮಾತಿನಲ್ಲೂ ಇಲ್ಲ, ಬರಹದಲ್ಲೂ ಇಲ್ಲ, ಆದ್ದರಿಂದ ಮುಂದೆ ‘ಇವರು’ ಎಂದಲ್ಲೆಲ್ಲ ಆ ಒಬ್ಬರೇ ಎಂದು ತಿಳಿದುಕೊಳ್ಳಬೇಕು. ಮನೆಯಲ್ಲಿ ನಾವು ಮಾತಾಡುವುದು ತುಳು. ಓದುವವರಿಗೆ ತೊಂದರೆಯಾಗಬಾರದೆಂದು ಅದನ್ನು ನಮ್ಮೂರಿನ ಕನ್ನಡಕ್ಕೆ ತಿರುಗಿಸಿದ್ದೇನೆ.

ಮಸ್ಕತ್ತಿಗೆ ಬಂದು ಇಪ್ಪತ್ತೈದು ವರ್ಷಗಳಾದವು. ಬೌಷರಿನ ಫ್ಲ್ಯಾಟಿನಲ್ಲಿ ಊಟಕ್ಕೆ ಕೂತರೆ ಹತ್ತು ಸಾವಿರ ರನ್ನಿನವರು, ಐನೂರು ವಿಕೆಟ್ಟಿನವರು ಒಬ್ಬೊಬ್ಬರಾಗಿ ಬಂದು ನಮ್ಮ ಮೇಜಿನ ಸುತ್ತ ಕೂರುತ್ತಿದ್ದರು. ಯಾವ ಊರಿನ ಯಾವ ಮೈದಾನದಲ್ಲಿ ಯಾರು ಎಷ್ಟನೆಯ ಚೆಂಡಿಗೆ ಶತಕ ಹೊಡೆದರು ಎನ್ನುವುದು ಇವರಿಗೆ ಬಾಯಿಪಾಠ. ಮದುವೆಯ ದಿನಾಂಕ ಮಾತ್ರ ಪ್ರತಿ ವರ್ಷ ನಾನೇ ನೆನಪಿಸಬೇಕು. ಬಂಗುಡೆಯ ಮುಳ್ಳು ಬಿಡಿಸುತ್ತ ನಾನು ಯೋಚಿಸುತ್ತಿದ್ದೆ. ಒಂದೇ ದಿನ ಆಡಿ ಮನೆಗೆ ಹೋದವರೂ ಇರುತ್ತಾರಲ್ಲ, ಅವರ ಸುದ್ದಿಯನ್ನು ಯಾಕೆ ಯಾರೂ ಎತ್ತುವುದಿಲ್ಲ?

ಇನ್ನು ಲ್ಯಾಮಿನೇಶನ್. ಮಂಗಳೂರು, ಉಡುಪಿಯ ಕಡೆಯಿಂದ ಗಲ್ಫಿಗೆ ಬಂದವರ ಮನೆಯಲ್ಲಿ ಒಂದು ಫೈಲ್ ಇದ್ದೇ ಇರುತ್ತದೆ. ಹತ್ತನೆಯ ತರಗತಿಯ ಅಂಕಪಟ್ಟಿಯಿಂದ ಹಿಡಿದು ಎಲ್ಲವೂ ಅದರಲ್ಲಿ ಪ್ಲಾಸ್ಟಿಕ್ಕಿನೊಳಗೆ ಮಲಗಿರುತ್ತವೆ. ನಮ್ಮ ಮನೆಯಲ್ಲಿ ಅದು ಸ್ವಲ್ಪ ಮಿತಿಮೀರಿತ್ತು. ಜಾತಕ, ಮದುವೆಯ ಕಾಗದ, ಮೊದಲ ಸಂಬಳದ ಚೀಟಿ, ಊರಿನ ಮನೆಯ ಹಳೆಯ ರೇಷನ್ ಕಾರ್ಡು, ಎಲ್ಲಕ್ಕೂ ಇವರು ಪ್ಲಾಸ್ಟಿಕ್ ಹಾಕಿಸಿದ್ದರು. ಮಗಳ ಲಸಿಕೆಯ ಕಾರ್ಡನ್ನು ಎರಡನೆಯ ಲಸಿಕೆ ಆದ ಕೂಡಲೇ ಲ್ಯಾಮಿನೇಟ್ ಮಾಡಿಸಿಬಿಟ್ಟರು. ಮೂರನೆಯದಕ್ಕೆ ಹೋದಾಗ ನರ್ಸಮ್ಮನಿಗೆ ಬರೆಯಲು ಜಾಗವಿಲ್ಲ. ಪೆನ್ನು ಜಾರುತ್ತಿತ್ತು, ಆಕೆ ಒಮ್ಮೆ ಕಾರ್ಡನ್ನೂ ಒಮ್ಮೆ ಇವರನ್ನೂ ನೋಡುತ್ತಿದ್ದಳು. ಲ್ಯಾಮಿನೇಶನ್ ಜೊತೆಗೆ ಎರಡು ಜೆರಾಕ್ಸ್ ಪ್ರತಿ, ಅವುಗಳ ಮೇಲೆ ಯಾರಾದರೂ ಗೆಜೆಟೆಡ್ ಅಧಿಕಾರಿಯ ಸಹಿ ಮತ್ತು ಸೀಲು. ಇದು ಇವರ ಪದ್ಧತಿ.

ನಾನು ಅಲ್ ಖುವೈರಿನ ಒಂದು ಕನ್ಸಲ್ಟೆಂಟ್ ಆಫೀಸಿನಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಎಂದರೆ ಇಂಜಿನಿಯರುಗಳು ಕಳೆದುಹಾಕಿದ ಕಾಗದಗಳನ್ನು ಹುಡುಕಿ ಕೊಡುವವಳು, ಕೊಡುವಾಗ ಒಂದು ಮಾತು ಬಯ್ಯುವವಳು. ಬಯ್ಯುವುದು ಕೆಲಸದ ವಿವರದಲ್ಲಿ ಇಲ್ಲ, ಅದನ್ನು ನಾನೇ ಸೇರಿಸಿಕೊಂಡಿದ್ದೇನೆ. ಆ ಆಫೀಸಿನಲ್ಲಿ ಒಂದೂ ಕಾಗದ ಕಳೆಯದ ಮನುಷ್ಯರೆಂದರೆ ಎಪ್ಪತ್ತರ ಹತ್ತಿರದ ಒಬ್ಬ ಅಮೆರಿಕದ ಇಂಜಿನಿಯರು. ಮಧ್ಯಾಹ್ನ ಎಲ್ಲರೂ ಕೆಳಗಿನ ಹೋಟೆಲಿಗೆ ಹೋದಾಗ ಅವರು ಮೇಜಿನ ಮೇಲೆ ದಪ್ಪ ಆಲ್ಬಮ್ ಬಿಡಿಸಿಕೊಂಡು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ತಿಂದ ಕೈಯನ್ನು ಒರೆಸಿ, ತೊಳೆದು, ಮತ್ತೆ ಒರೆಸಿ ಆಮೇಲೆ ಪುಟ ತಿರುವುತ್ತಿದ್ದರು. ಅಷ್ಟು ಮಡಿ ನನ್ನ ಅಜ್ಜಿಯಲ್ಲಿಯೂ ಇರಲಿಲ್ಲ.

ಒಂದು ದಿನ ಕುತೂಹಲ ತಡೆಯಲಾಗದೆ ಕೇಳಿಯೇಬಿಟ್ಟೆ. ಆಲ್ಬಮ್ಮಿನ ತುಂಬ ಬೇಸ್‌ಬಾಲ್ ಆಟಗಾರರ ಕಾರ್ಡುಗಳು. ಅಂಗೈಯಗಲದ ದಪ್ಪ ಕಾಗದ, ಎದುರಿಗೆ ಫೋಟೋ, ಹಿಂಬದಿಯಲ್ಲಿ ಆಟದ ಲೆಕ್ಕ. ಮೊದಲೆಲ್ಲ ಅಮೆರಿಕದಲ್ಲಿ ಮಕ್ಕಳು ಬಬಲ್‌ಗಮ್ಮಿನ ಜೊತೆ ಬರುವ ಇವನ್ನು ಕೂಡಿಡುತ್ತಿದ್ದರಂತೆ. ಆದರೆ ಆ ಇಂಜಿನಿಯರು ಕೂಡಿಟ್ಟದ್ದು ಹೆಸರುವಾಸಿಯಾದವರನ್ನಲ್ಲ. ದೊಡ್ಡ ಲೀಗಿಗೆ ಬಂದು, ಒಂದೋ ಎರಡೋ ಪಂದ್ಯ ಆಡಿ, ಮತ್ತೆ ಎಂದೂ ಕರೆ ಬಾರದೆ ಹೋದವರನ್ನು ಮಾತ್ರ. ಅಂಥವನನ್ನು ಅಲ್ಲಿ ‘ಒಂದು ಕಪ್ ಕಾಫಿ ಕುಡಿದು ಹೋದವನು’ ಎನ್ನುತ್ತಾರಂತೆ.

‘ನಮ್ಮಲ್ಲಿ ಹಾಗೆ ಬಂದು ಕಾಫಿ ಮಾತ್ರ ಕುಡಿದು ಹೋಗುವ ನೆಂಟರನ್ನೇ ಎಲ್ಲರಿಗಿಂತ ಒಳ್ಳೆಯವರು ಎನ್ನುವುದು,’ ಎಂದೆ.

ಅವರು ಬಹಳ ಹೊತ್ತು ನಕ್ಕರು. ಆಮೇಲೆ ನನ್ನನ್ನು ಕೂರಿಸಿ, ಕೈ ತೊಳೆದು ಬರಲು ಹೇಳಿ, ಒಬ್ಬೊಬ್ಬರನ್ನಾಗಿ ತೋರಿಸಿದರು. ಇವನು ಒಂದು ಮಧ್ಯಾಹ್ನ ಆಡಿದ, ಮರುದಿನ ಸೈನ್ಯಕ್ಕೆ ಕರೆ ಬಂತು. ಇವನು ಮೊದಲ ಓಟದಲ್ಲೇ ಮೊಣಕಾಲು ತಿರುಚಿಕೊಂಡ. ಇವನಿಗೆ ಏನೂ ಆಗಲಿಲ್ಲ, ಸುಮ್ಮನೆ ಮತ್ತೆ ಕರೆಯಲಿಲ್ಲ. ಬೇಸ್‌ಬಾಲಿನ ನಿಯಮ ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಅರ್ಧಂಬರ್ಧ. ಆದರೆ ಕಾರ್ಡಿನ ಮೇಲೆ ಟೋಪಿ ಹಾಕಿಕೊಂಡು, ನಾಳೆ ಲೋಕವನ್ನೇ ಗೆಲ್ಲುತ್ತೇನೆಂದು ನಗುವ ಆ ಮುಖಗಳನ್ನು ನೋಡಿ ನನಗೆ ಪ್ರೀತಿ ಬಂತು. ಹತ್ತು ಸಾವಿರ ರನ್ನಿನವರ ನಡುವೆ ಇಷ್ಟು ವರ್ಷ ಬಾಳಿದವಳಿಗೆ ಕೊನೆಗೂ ನನ್ನ ಕಡೆಯವರು ಸಿಕ್ಕಿದ್ದರು.

ಅವರಿಗೆ ಒಮಾನಿನ ಇನ್ನೊಂದು ಕಡಲೂರಾದ ಸೂರ್‌ನ ಗ್ಯಾಸ್ ಪ್ಲಾಂಟಿನ ಕೆಲಸಕ್ಕೆ ವರ್ಗವಾದಾಗ, ಹೋಗುವ ದಿನ ನನಗೆ ಒಂಬತ್ತು ಕಾರ್ಡುಗಳಿದ್ದ ಒಂದು ಪ್ಲಾಸ್ಟಿಕ್ ಹಾಳೆ ಕೊಟ್ಟರು. ನನ್ನ ಹುಚ್ಚು ಹತ್ತಿದ್ದು ಅಲ್ಲಿಂದ. ಆಫೀಸಿನ ಪಿ.ಒ. ಬಾಕ್ಸಿಗೆ ಅಮೆರಿಕದಿಂದ ತೆಳ್ಳನೆಯ ಕವರುಗಳು ಬರತೊಡಗಿದವು. ನನ್ನ ನಿಯಮ ಅವರದಕ್ಕಿಂತ ಕಠಿಣ: ಒಂದೇ ಪಂದ್ಯ. ಎರಡು ಆಡಿದವನಿಗೆ ನನ್ನ ಮನೆಯಲ್ಲಿ ಜಾಗವಿಲ್ಲ.

ಇದರಲ್ಲಿ ಅರ್ಧದಷ್ಟು ಕಾರಣ ಇವರನ್ನು ಕೆಣಕುವುದಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಊಟದ ಹೊತ್ತಿಗೆ ಇವರು ಶತಕಗಳನ್ನು ತೆಗೆದ ಕೂಡಲೇ ನಾನು ಕಾರ್ಡು ತೆಗೆಯುತ್ತಿದ್ದೆ. ಗಟ್ಟಿಯಾಗಿ ಓದುತ್ತಿದ್ದೆ: ‘ಪಂದ್ಯ ಒಂದು. ಹೊಡೆದದ್ದು ಸೊನ್ನೆ. ಓಡಿದ್ದು ಸೊನ್ನೆ. ಹಿಡಿದದ್ದು ಸೊನ್ನೆ. ಇನ್ನು ಸ್ವಲ್ಪ ಸಾರು ಬಡಿಸಲಾ?’

ಇವರ ಮುಖ ಗಂಟಾಗುತ್ತಿತ್ತು. ‘ಒಂದು ದಿನ ಆಡಿದವನದ್ದು ಎಂತ ಕಾರ್ಡು ಮಾರಾಯ್ತಿ? ತಮಾಷೆ ಮಾಡ್ಲಿಕ್ಕಾ?’ ಎಂದು ಬಟ್ಟಲು ಎತ್ತಿಕೊಂಡು ಟಿವಿಯ ಮುಂದೆ ಹೋಗಿ ಕೂರುತ್ತಿದ್ದರು. ಕ್ರಿಕೆಟ್ಟಿನ ಅಭಿಮಾನಕ್ಕೆ ಪೆಟ್ಟಾಯಿತೆಂದು ನಾನು ಒಳಗೊಳಗೇ ಖುಷಿಪಡುತ್ತಿದ್ದೆ. ಶುಕ್ರವಾರಗಳಲ್ಲಿ ನಮ್ಮವರ ಟೂರ್ನಮೆಂಟಿಗೆ ಇವರು ತಪ್ಪದೆ ಹೋಗುತ್ತಾರೆ. ಆದರೆ ಒಂದು ದಿನವೂ ಬ್ಯಾಟು ಹಿಡಿದವರಲ್ಲ, ಬಿಳಿ ಟೋಪಿ ಹಾಕಿಕೊಂಡು ಅಂಪೈರಿಂಗ್ ಮಾತ್ರ. ಆಡಲು ಬಾರದವನಿಗೆ ಲೆಕ್ಕ ಜಾಸ್ತಿ ಎಂದು ಅದಕ್ಕೂ ನಾನು ಚುಚ್ಚಿದ್ದುಂಟು.

ಹೀಗಿರುವಾಗ ಹೋದ ವರ್ಷ ಸೂರ್‌ನಿಂದ ಫೋನ್ ಬಂತು. ಅಮೆರಿಕದವರು ಕೆಲಸ ಮುಗಿಸಿ ಊರಿಗೆ ಹೊರಟಿದ್ದರು, ಇನ್ನು ಎರಡು ತಿಂಗಳು. ಆಲ್ಬಮ್ ಮಕ್ಕಳಿಗೆ ಬೇಡವಂತೆ. ವ್ಯಾಪಾರಿಗೆ ಕೊಟ್ಟರೆ ಒಬ್ಬೊಬ್ಬರನ್ನು ಒಂದೊಂದು ದಿಕ್ಕಿಗೆ ಕಳಿಸುತ್ತಾನೆ, ಒಟ್ಟಿಗೆ ಇರಿಸುವವರು ಬೇಕು. ನೂರಕ್ಕೂ ಹೆಚ್ಚು ಜನರಿದ್ದ ಆ ಆಲ್ಬಮ್ಮಿನ ಕೊನೆಯ ಪುಟದ ಕೊನೆಯ ಜೇಬು ಮಾತ್ರ ನಲವತ್ತು ವರ್ಷಗಳಿಂದ ಖಾಲಿ ಇತ್ತು. ಅದು ಒಬ್ಬ ಎಡಗೈ ಬೌಲರಿಗಾಗಿ ಇಟ್ಟದ್ದು. ಪಿಚರ್ ಎನ್ನಬೇಕು, ನಾನು ಬೌಲರ್ ಎಂದೇ ಬರೆಯುತ್ತೇನೆ. ಆತ ಒಂದೇ ದಿನ, ಮೂರೇ ಜನರಿಗೆ ಚೆಂಡು ಎಸೆದ. ಮೂವರಲ್ಲಿ ಒಬ್ಬನನ್ನೂ ಔಟ್ ಮಾಡಲಿಲ್ಲ, ಕರೆದು ಕೂರಿಸಿದರು. ಆದರೆ ಆಟಕ್ಕೆ ಮೊದಲೇ ಅಚ್ಚಾದ ಅವನ ಕಾರ್ಡಿನ ಹಿಂದೆ ‘ಇವನ ಮೇಲೆ ಕಣ್ಣಿಟ್ಟಿರಿ’ ಎಂದು ಬರೆದಿದೆಯಂತೆ.

‘ಅವನನ್ನು ಹುಡುಕಿ, ಅಂಚು ಮುಕ್ಕಾಗದಂತೆ ನನ್ನ ಮುಂದೆ ತಂದು ಇಟ್ಟರೆ ಆಲ್ಬಮ್ ನಿಮಗೆ,’ ಎಂದರು. ‘ನನಗೆ ಬೇಕಾಗಿರುವುದು ಕಾಪಾಡುವ ಕೈ.’

ಕಾಗದ ಕಾಯುವುದನ್ನೇ ಕಸುಬು ಮಾಡಿಕೊಂಡವಳಿಗೆ ಹೇಳುವ ಮಾತೇ ಇದು! ಆದರೆ ನನಗೆ ಆ ಆಲ್ಬಮ್ ಬೇಕಿತ್ತು. ಬಂಗಾರವಾಗಲಿ ಸೀರೆಯಾಗಲಿ ನನಗೆ ಯಾವತ್ತೂ ಅಷ್ಟು ಬೇಕೆನಿಸಿದ್ದಿಲ್ಲ. ಆಫೀಸಿನಲ್ಲಿ ಕೂತಾಗ ಅದರ ಕಂದು ರಟ್ಟು ಕಣ್ಣ ಮುಂದೆ ಬರುತ್ತಿತ್ತು.

ಅಮೆರಿಕದಲ್ಲಿರುವ ಚಿಕ್ಕಮ್ಮನ ಮಗಳ ಬೆನ್ನು ಹತ್ತಿದೆ. ಅವಳು ಬಯ್ದುಕೊಂಡೇ ಹುಡುಕಿದಳು, ಮೂರನೆಯ ವಾರದಲ್ಲಿ ಸಿಕ್ಕಿತು ಎಂದಳು. ಅಂಚೆಯಲ್ಲಿ ಕಳಿಸುವ ಧೈರ್ಯ ನನಗಿರಲಿಲ್ಲ. ನಮ್ಮವರ ಅಂಚೆಯೇ ಬೇರೆ, ‘ಬರುವವರ ಕೈಯಲ್ಲಿ’ ಎನ್ನುವುದು ಅದರ ಹೆಸರು. ಉಪ್ಪಿನಕಾಯಿಯಿಂದ ಹಿಡಿದು ಹೃದಯದ ಮಾತ್ರೆಯವರೆಗೆ ಎಲ್ಲವೂ ಆ ದಾರಿಯಲ್ಲೇ ಗಲ್ಫಿಗೆ ಬರುತ್ತವೆ. ಮಂಗಳೂರಿನಲ್ಲಿ ನೆಂಟರ ಮದುವೆ ಇತ್ತು. ಅವಳು ಅಲ್ಲಿಗೆ ಬರುವವಳಿದ್ದಳು, ನನಗೆ ರಜೆ ಸಿಗದೆ ಇವರೊಬ್ಬರೇ ಹೋಗುವವರಿದ್ದರು. ಅವಳ ಕೈಯಿಂದ ಇವರ ಕೈಗೆ, ಇವರ ಕೈಯಿಂದ ನನ್ನ ಕೈಗೆ.

ವಿಮಾನ ಹತ್ತುವ ಮೊದಲು ಇವರಿಗೆ ಪಾಠ ಹೇಳಿದೆ. ಕವರ್ ಮಡಚಬಾರದು. ನೀರು ತಾಗಿಸಬಾರದು. ಬ್ಯಾಗಿನಲ್ಲಿ ಒಣಮೀನಿನ ಹತ್ತಿರ ಇಡಬಾರದು. ಬೆರಳು ತಾಗಿಸಬಾರದು. ಇಷ್ಟೆಲ್ಲ ಹೇಳಿದವಳು ಒಂದನ್ನು ಹೇಳಲು ಮರೆತೆ.

ಇವರು ಹಿಂತಿರುಗಿದ ದಿನ ಬ್ಯಾಗಿನಿಂದ ಕುಚ್ಚಲಕ್ಕಿ ಬಂತು, ಹಪ್ಪಳ ಬಂತು, ಒಣ ಸಿಗಡಿ ಬಂತು. ಕೊನೆಗೆ ಒಂದು ಹೊಸ ಪ್ಲಾಸ್ಟಿಕ್ ಫೋಲ್ಡರ್ ಬಂತು. ಇವರು ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ನೀಡಿದರು. ಮದುವೆಯಾದ ಮೇಲೆ ನನಗೆ ಏನನ್ನೂ ಹಾಗೆ ಕೊಟ್ಟವರಲ್ಲ.

ತೆರೆದೆ. ಎಡಗೈ ಬೌಲರು ನಗುತ್ತಿದ್ದ. ಅವನ ಸುತ್ತ ಅರ್ಧ ಇಂಚು ಅಗಲದ, ಗಟ್ಟಿಯಾದ, ಥಳಥಳಿಸುವ ಪ್ಲಾಸ್ಟಿಕ್ಕಿನ ಅಂಚು.

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅದು ನಮ್ಮ ಮನೆಯಲ್ಲಿ ಅಪರೂಪದ ಸಂಗತಿ, ಹಾಗಾಗಿ ನನಗೆ ಸಂತೋಷ ಉಕ್ಕಿ ಬಂದಿದೆ ಎಂದು ಇವರು ತಿಳಿದರು.

‘ಕವರ್ ಬರೀ ಕಾಗದದ್ದು ಮಾರಾಯ್ತಿ. ಅಲ್ಲಿ ಮಳೆ ಬೇರೆ. ತೆಗೆದು ನೋಡಿದೆ. ನೀನು ಹೇಳಿದ ಒಂದೇ ಮ್ಯಾಚಿನವ ಅಲ್ವಾ? ಅವನದ್ದು ಅಂತ ಇರುವುದು ಇದೊಂದೇ. ಹಾಳಾದ್ರೆ ಮತ್ತೆ ಎಲ್ಲಿಂದ ತರುವುದು? ದಪ್ಪದ್ದೇ ಹಾಕಿಸಿದೆ. ಎರಡೂ ಕಡೆ.’

ಕಾರ್ಡಿನ ಕೆಳಗೆ ಎರಡು ಜೆರಾಕ್ಸ್ ಪ್ರತಿಗಳೂ ಇದ್ದವು. ಪ್ರತಿಯೊಂದರ ಮೇಲೆ ‘ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಲಾಗಿದೆ’ ಎಂಬ ಮುದ್ರೆ, ಹಸಿರು ಶಾಯಿಯ ಸಹಿ, ಕೆಳಗೆ ದುಂಡನೆಯ ಸೀಲು. ಇವರ ಜೊತೆ ಓದಿದವರೊಬ್ಬರು ಸರಕಾರಿ ಪಶುವೈದ್ಯರು, ಗೆಜೆಟೆಡ್ ಅಧಿಕಾರಿ. ದನದ ಕೊಟ್ಟಿಗೆಯಿಂದ ನೇರ ಬಂದು ಅಮೆರಿಕದ ಬೇಸ್‌ಬಾಲ್ ಆಟಗಾರನಿಗೆ ಸಹಿ ಹಾಕಿಕೊಟ್ಟಿದ್ದರು.

ಆಮೇಲೆ ನನಗೆ ಮಾತು ಬಂತು. ಏನೇನು ಬಂತು ಎಂದು ಇಲ್ಲಿ ಬರೆಯುವುದಿಲ್ಲ. ಒಂದು ಕಾರ್ಡಿನ ಬೆಲೆ ಇರುವುದು ಅದರ ಕಾಗದ ಹೇಗಿತ್ತೋ ಹಾಗೇ ಇರುವುದರಲ್ಲಿ, ಬಿಸಿ ಪ್ಲಾಸ್ಟಿಕ್ ಅಂಟಿಸಿದರೆ ಅದು ಸತ್ತ ಹಾಗೆ ಎಂದು ಕೂಗಿ ಹೇಳಿದೆ. ಆಲ್ಬಮ್ ಹೋಯಿತು ಎಂದೆ. ಒಂದು ದಿನ ಆಡಿದವನ ಬೆಲೆ ನಿಮಗೆ ಹೇಗೆ ಗೊತ್ತಾಗಬೇಕು ಎಂದೂ ಹೇಳಿದೆ. ಇವರು ಫೋಲ್ಡರನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಹಪ್ಪಳದ ಕಟ್ಟನ್ನು ಅಡುಗೆಮನೆಗೆ ತೆಗೆದುಕೊಂಡು ಹೋದರು.

ಸೂರ್‌ಗೆ ಹೋಗಲು ಹತ್ತು ದಿನ ಉಳಿದಿದ್ದವು. ಅಷ್ಟರೊಳಗೆ ಪ್ಲಾಸ್ಟಿಕ್ ಬಿಡಿಸಲೇಬೇಕೆಂದು ಹಠ ಹಿಡಿದೆ. ಯಾರೋ ಇಸ್ತ್ರಿಪೆಟ್ಟಿಗೆ ಎಂದರು, ಯಾರೋ ಕೂದಲು ಒಣಗಿಸುವ ಯಂತ್ರ ಎಂದರು. ಹನ್ನೆರಡನೆಯ ತರಗತಿಯ ಮಗಳು ಮೊಬೈಲಿನಲ್ಲಿ ಹುಡುಕಿ, ‘ಅಮ್ಮಾ, ಎವ್ರಿಬಡಿ ಸೇಸ್ ಡೋಂಟ್’ ಎಂದಳು. ನಾನು ಕೇಳುವ ಹೆಂಗಸಲ್ಲ. ಆದರೆ ನೇರವಾಗಿ ಕಾರ್ಡಿನ ಮೇಲೆ ಕೈ ಹಾಕುವಷ್ಟು ದಡ್ಡಿಯೂ ಅಲ್ಲ. ಮೊದಲು ಬೇರೆ ಯಾವುದಾದರೂ ಕೆಲಸಕ್ಕೆ ಬಾರದ ಕಾಗದದ ಮೇಲೆ ಪ್ರಯೋಗ ಮಾಡಿ ನೋಡುವುದೆಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಇವರು ಬಿಳಿ ಟೋಪಿ ಹಾಕಿಕೊಂಡು ಅಂಪೈರಿಂಗಿಗೆ ಹೋದ ಮೇಲೆ ಇವರ ಫೈಲ್ ತೆಗೆದೆ. ಲ್ಯಾಮಿನೇಟ್ ಆದ ಕಾಗದಕ್ಕೆ ನಮ್ಮ ಮನೆಯಲ್ಲಿ ಬರವೇ? ಜಾತಕ ಬೇಡ, ಅಪಶಕುನ. ಅಂಕಪಟ್ಟಿ ಬೇಡ. ಎಲ್ಲಕ್ಕಿಂತ ಅಡಿಯಲ್ಲಿ ಹಳದಿಯಾದ ಪತ್ರಿಕೆಯ ತುಂಡೊಂದು ಪ್ಲಾಸ್ಟಿಕ್ಕಿನೊಳಗೆ ಇತ್ತು. ರೇಷ್ಮೆ ಸೀರೆಗಳಿಗೆ ವಿಶೇಷ ರಿಯಾಯಿತಿ ಎಂಬ ಜಾಹೀರಾತಿನ ಅರ್ಧ ಭಾಗ. ಇಷ್ಟು ವರ್ಷದಲ್ಲಿ ತಾವಾಗಿ ಒಂದು ಸೀರೆ ತಂದವರಲ್ಲ, ಸೀರೆಯ ಜಾಹೀರಾತಿಗೆ ಪ್ಲಾಸ್ಟಿಕ್ ಹಾಕಿಸಿಟ್ಟಿದ್ದಾರೆ! ಸಿಟ್ಟಿಗೆ ಇನ್ನಷ್ಟು ಉಪ್ಪು ಖಾರ ಬಿತ್ತು. ಅದನ್ನೇ ತೆಗೆದು, ಮೇಲೆ ತೆಳ್ಳನೆಯ ಬಟ್ಟೆ ಹಾಕಿ, ಇಸ್ತ್ರಿ ಒತ್ತಿದೆ.

ಮೊದಲು ಪ್ಲಾಸ್ಟಿಕ್ ಮೆದುವಾಯಿತು, ಮೂಲೆ ಎದ್ದಿತು. ಗೆದ್ದೆನೆಂದುಕೊಂಡು ಎಳೆದೆ. ಕಾಗದ ನಡುವೆ ಎರಡು ಪದರವಾಗಿ ಸೀಳಿತು. ಒಂದು ಪದರ ಸುರುಟಿ ಕಪ್ಪಾಯಿತು, ಇನ್ನೊಂದು ಚೂರುಚೂರಾಗಿ ಪ್ಲಾಸ್ಟಿಕ್ಕಿಗೆ ಕಚ್ಚಿಕೊಂಡಿತು. ಪ್ರಯೋಗ ವಿಫಲವಾಯಿತೆಂದು ಎಸೆಯಲು ಹೋದವಳು ಮಗುಚಿ ನೋಡಿದೆ.

ಆ ಬದಿಯಲ್ಲಿ ಸೀರೆ ಇರಲಿಲ್ಲ. ಎರಡು ಜಿಲ್ಲಾ ತಂಡಗಳ ನಡುವಿನ ಕ್ರಿಕೆಟ್ ಪಂದ್ಯದ ಸ್ಕೋರು ಇತ್ತು. ಮೇಲಿನ ಹೆಸರುಗಳೆಲ್ಲ ಹೋಗಿದ್ದವು, ರನ್ನುಗಳು ಮಾತ್ರ ಉಳಿದಿದ್ದವು. ಕಟ್ಟಕಡೆಯ ಸಾಲಿನಲ್ಲಿ ಇವರ ಹೆಸರಿನ ಮೊದಲ ಅಕ್ಷರ, ನಮ್ಮೂರಿನ ಹೆಸರು, ಅದರ ಮುಂದೆ ‘ಔಟಾಗದೆ’ ಎಂಬ ಪದ. ಅದರ ಮುಂದೆ ಇದ್ದ ಅಂಕೆ ಇಸ್ತ್ರಿಗೆ ಸುಟ್ಟುಹೋಗಿತ್ತು. ಎಲ್ಲವನ್ನೂ ಕಾಪಾಡುವವರ ಫೈಲಿನಲ್ಲಿ ಆಟದ ಕಾಗದವೆಂದು ಇದ್ದದ್ದು ಅದೊಂದೇ.

ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದೇನೆ. ಏಳು ಸಮುದ್ರದ ಆಚೆಯಿಂದ ಒಂದು ಪಂದ್ಯದವರನ್ನು ಹುಡುಕಿ ತರಿಸುತ್ತಿದ್ದವಳಿಗೆ ಎದುರು ಕೂತು ಬಂಗುಡೆ ತಿನ್ನುತ್ತಿದ್ದವರು ಕಾಣಲಿಲ್ಲ. ಕಂಡ ದಿನವೇ ಕೈಯಾರೆ ಸುಟ್ಟೆ. ಇಸ್ತ್ರಿಯ ಮೇಜಿನ ಪಕ್ಕ ನೆಲದ ಮೇಲೆ ಕೂತು ಅತ್ತೆ. ಊಟದ ಹೊತ್ತಿಗೆ ನಾನು ಗಟ್ಟಿಯಾಗಿ ಓದಿದ ಒಂದೊಂದು ಸೊನ್ನೆಯೂ, ಬಟ್ಟಲು ಎತ್ತಿಕೊಂಡು ಎದ್ದು ಹೋಗುತ್ತಿದ್ದ ಇವರ ಬೆನ್ನೂ ನೆನಪಾಯಿತು.

ಮಧ್ಯಾಹ್ನ ಇವರು ಬಂದಾಗ ಮನೆಯೆಲ್ಲ ಸುಟ್ಟ ವಾಸನೆ. ಅಡಗಿಸಿಡುವ ಯೋಚನೆ ಬಂದಿತ್ತು, ನಿಜ ಹೇಳುತ್ತೇನೆ. ಆದರೆ ಮೇಜಿನ ಮೇಲೆ ಇಟ್ಟುಕೊಂಡೇ ಕೂತಿದ್ದೆ. ಇವರು ಟೋಪಿ ತೆಗೆದು, ಅದನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿದರು.

‘ಸೀರೆಯದ್ದು ಅಂತ ತಿಳಿದೆ,’ ಎಂದೆ. ‘ನನಗೆ ಗೊತ್ತಿರಲಿಲ್ಲ. ತಪ್ಪಾಯ್ತು ಮಾರಾಯ್ರೆ.’

ಇವರು ಕುರ್ಚಿಯಲ್ಲಿ ಕೂತರು. ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

‘ನಾನು ಹನ್ನೆರಡನೆಯವ,’ ಎಂದರು. ‘ನೀರು ಕೊಡ್ಲಿಕ್ಕೆ ಇದ್ದದ್ದು. ಬೆಳಿಗ್ಗೆ ಒಬ್ಬನಿಗೆ ಜ್ವರ ಬಂತು, ನನ್ನನ್ನು ಹಾಕಿದ್ರು. ಕಡೆಗೆ ಬ್ಯಾಟಿಂಗಿಗೆ ಹೋದೆ. ಆಚೆ ಕಡೆ ಇದ್ದವ ಫಸ್ಟ್ ಬಾಲಿಗೇ ಬೌಲ್ಡ್. ನನಗೆ ಒಂದು ಬಾಲ್ ಸಹ ಸಿಗ್ಲಿಲ್ಲ. ಪ್ಯಾಡ್ ಕಟ್ಲಿಕ್ಕೆ ತಗೊಂಡಷ್ಟು ಹೊತ್ತು ಸಹ ಒಳಗೆ ಇರ್ಲಿಲ್ಲ. ಮತ್ತೆ ಕರೀಲಿಲ್ಲ.’

‘ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ಲ ಅಲ್ವಾ ನೀವು!’

‘ಹೇಳಿದ್ರೆ ಊಟಕ್ಕೆ ಕೂತಾಗ ನೀನು ಅದನ್ನೂ ಓದ್ತಿದ್ದೆ.’

ನಾನು ಸೆರಗಿನಿಂದ ಮೂಗು ಒರೆಸಿಕೊಳ್ಳುವುದನ್ನು ಇವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು ಕಪಾಟಿನ ಮೇಲಿದ್ದ ಹಳೆಯ ಸೂಟ್‌ಕೇಸ್ ಇಳಿಸಿ, ಅದರೊಳಗಿಂದ ಇನ್ನೊಂದು ಫೈಲ್ ತೆಗೆದರು. ಆ ಫೈಲ್ ಇದೆ ಎಂದೇ ನನಗೆ ಗೊತ್ತಿರಲಿಲ್ಲ.

‘ಯಾಕೆ ಅಳುವುದು ಮಾರಾಯ್ತಿ?’ ಎಂದರು. ‘ಅಟೆಸ್ಟೆಡ್ ಕಾಪಿ ಎರಡುಂಟು.’

ಬ್ಯಾಂಕಿನ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸಕ್ಕೆ ಅರ್ಜಿ ಹಾಕುವಾಗ ಮಾಡಿಸಿದ್ದಂತೆ. ಒಂದು ಪಂದ್ಯದವನಿಗೆ ಯಾವ ಬ್ಯಾಂಕು ಕೆಲಸ ಕೊಡುತ್ತದೆ? ಅರ್ಜಿ ಹೋಯಿತು, ಪ್ರತಿಗಳು ಉಳಿದವು, ಇವರು ಸ್ಪೇರ್ ಪಾರ್ಟ್ಸ್ ಅಂಗಡಿಯ ವೀಸಾದಲ್ಲಿ ಮಸ್ಕತ್ತಿಗೆ ಬಂದರು. ಜೆರಾಕ್ಸ್ ಮಸುಕಾಗಿತ್ತು, ಆದರೆ ಹನ್ನೊಂದು ಹೆಸರುಗಳೂ ಓದುವಂತಿದ್ದವು. ಕೊನೆಯಲ್ಲಿ ಔಟಾಗದೆ ಸೊನ್ನೆ. ಕೆಳಗೆ ಯಾರೋ ತಹಶೀಲ್ದಾರರು ಅದು ನಿಜವೆಂದು ಹಸಿರು ಶಾಯಿಯಲ್ಲಿ ಸಹಿ ಹಾಕಿದ್ದರು. ಅಂದು ಸಂಜೆ ನಾನು ಅಂಜಲ್ ಮೀನು ಹುರಿದೆ. ಮೇಜಿನ ಮೇಲೆ ಒಂದೂ ಕಾರ್ಡು ತೆಗೆಯಲಿಲ್ಲ.

ಮುಂದಿನ ಶನಿವಾರ ಸೂರ್‌ಗೆ ಹೊರಟೆವು. ದಾರಿಯುದ್ದಕ್ಕೂ ನಾನು ಸುಳ್ಳು ಹೊಸೆಯುತ್ತ ಕೂತಿದ್ದೆ. ಅಮೆರಿಕದಲ್ಲಿ ಬೆಲೆಬಾಳುವ ಕಾರ್ಡುಗಳನ್ನು ಪರೀಕ್ಷಿಸಿ, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ, ದರ್ಜೆ ಬರೆದು ಕೊಡುವ ಪದ್ಧತಿ ಇದೆ. ಇದು ನಮ್ಮ ಜಿಲ್ಲೆಯಲ್ಲಿ ಆದ ಅಂಥದೇ ಪರೀಕ್ಷೆ, ಸರಕಾರಿ ಅಧಿಕಾರಿಯ ಸೀಲು ಬೇರೆ ಇದೆ ಎಂದು ಹೇಳುವುದೆಂದುಕೊಂಡೆ. ಕುರಿಯಾತ್ ದಾಟುವಾಗ ಆ ಸುಳ್ಳು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನಾನೇ ನಂಬತೊಡಗಿದ್ದೆ.

ಹಾಯಿಹಡಗು ಕಟ್ಟುವ ಜಾಗದ ಹತ್ತಿರ, ಕಡಲ ಬದಿಯ ಚಹಾದಂಗಡಿಯಲ್ಲಿ ಅಮೆರಿಕದವರು ಕಾಯುತ್ತಿದ್ದರು. ಮೇಜನ್ನು ಒರೆಸಿಸಿ ಅದರ ಮೇಲೆ ಟವೆಲ್ ಹಾಸಿದ್ದರು, ಟವೆಲ್ಲಿನ ಮೇಲೆ ಕಂದು ಆಲ್ಬಮ್. ನಾನು ಫೋಲ್ಡರ್ ತೆಗೆದು ಬಾಯಿ ತೆರೆಯುವುದರೊಳಗೆ ಇವರು ಇಂಗ್ಲಿಷಿನಲ್ಲಿ ಶುರುಮಾಡಿಬಿಟ್ಟರು:

‘ಲ್ಯಾಮಿನೇಶನ್ ಮಾಡಿಸಿದ್ದು ನಾನು ಸಾರ್. ಹೆಂಡತಿಯದ್ದು ಏನೂ ತಪ್ಪಿಲ್ಲ.’

ಅಮೆರಿಕದವರು ಕಾರ್ಡನ್ನು ಎತ್ತಿಕೊಂಡರು. ಮುಖದಲ್ಲಿ ನೋವು ಹಾದುಹೋದದ್ದು ಕಂಡಿತು. ಆಲ್ಬಮ್ಮಿನ ಕೊನೆಯ ಜೇಬಿಗೆ ಹಿಡಿದು ನೋಡಿದರು. ಪ್ಲಾಸ್ಟಿಕ್ಕಿನ ಅಂಚು ಅಡ್ಡ ಬಂತು, ಕಾರ್ಡು ಒಳಗೆ ಹೋಗಲಿಲ್ಲ.

‘ಯಾಕೆ?’ ಎಂದು ಕೇಳಿದರು.

‘ಅವನು ಆಡಿದ್ದು ಒಂದು ದಿನ ಸಾರ್. ಅವನದ್ದೆಂದು ಇರುವುದು ಅದೊಂದೇ ಕಾಗದ. ಕಳೆದುಹೋಗಬಾರದಲ್ಲ?’

ಅವರು ಜೆರಾಕ್ಸ್ ಪ್ರತಿಯನ್ನು ತಿರುಗಿಸಿ, ಹಸಿರು ಸಹಿ ಯಾರದೆಂದು ಕೇಳಿದರು. ಪಶುವೈದ್ಯರದ್ದು ಎಂದೆ. ಅವರು ಮೇಜು ಅಲುಗುವಂತೆ ನಕ್ಕರು. ಕಣ್ಣು ಒರೆಸಿಕೊಂಡು, ಎಡಗೈ ಬೌಲರನ್ನು ತಮ್ಮ ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡರು. ನಲವತ್ತು ವರ್ಷಗಳಲ್ಲಿ ಒಂದು ಕಾರ್ಡನ್ನೂ ಹೀಗೆ ಜೇಬಿನಲ್ಲಿ ಇಟ್ಟುಕೊಂಡು ತಿರುಗುವ ಧೈರ್ಯ ಆಗಿರಲಿಲ್ಲ, ಇವನೊಬ್ಬನಿಗೆ ಇನ್ನು ಏನೂ ಆಗುವುದಿಲ್ಲ ಎಂದರು. ಆದರೆ ಆಲ್ಬಮ್ಮಿನ ಮೇಲಿನ ಕೈ ತೆಗೆಯಲಿಲ್ಲ. ಮಾತು ಮಾತೇ.

ಆಗ ನಾನು ಮಾಡಿದ್ದು ದಾರಿಯಲ್ಲಿ ಯೋಚಿಸಿದ್ದಲ್ಲ. ಕೈಚೀಲದಿಂದ ಇವರ ಸ್ಕೋರಿನ ಪ್ರತಿ ತೆಗೆದು ಟವೆಲ್ಲಿನ ಮೇಲೆ ಇಟ್ಟೆ. ಇವರಿಗೆ ಹೇಳದೆ ತಂದಿದ್ದೆ. ಇವರು ‘ಏಯ್, ಅದು ಯಾಕೆ?’ ಎಂದು ಎಳೆದುಕೊಳ್ಳಲು ನೋಡಿದರು. ಕನ್ನಡ ಬಾರದ ಆ ಮನುಷ್ಯರಿಗೆ ನಾನು ಕೊನೆಯ ಸಾಲನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಈ ಸಲ ಊಟದ ಮೇಜಿನಲ್ಲಿ ಓದಿದ ಹಾಗೆ ಓದಲಿಲ್ಲ. ಇದರ ಮೂಲವನ್ನು ನಾನೇ ಇಸ್ತ್ರಿ ಹಾಕಿ ಸುಟ್ಟೆ, ಮೂವತ್ತು ವರ್ಷ ಹಾಳಾಗದಂತೆ ಇಟ್ಟವರು ಇವರು, ನಿಮಗೆ ಕಾಪಾಡುವ ಕೈ ಬೇಕಿದ್ದರೆ ಅದು ನನ್ನದಲ್ಲ ಎಂದೂ ಹೇಳಿದೆ.

‘ಎಷ್ಟು ಪಂದ್ಯ?’ ಎಂದು ಅಮೆರಿಕದವರು ಇವರನ್ನು ಕೇಳಿದರು.

ಇವರು ತಲೆ ತಗ್ಗಿಸಿಕೊಂಡೇ ಒಂದು ಬೆರಳು ಎತ್ತಿದರು. ಅಂಪೈರ್ ಔಟ್ ಕೊಡುವ ಬೆರಳೇ ಅದು.

ಅಮೆರಿಕದವರು ಎದ್ದು ಹೋಗಿ ಕೈ ತೊಳೆದು ಬಂದರು. ಪ್ರತಿಯನ್ನು ಅಳತೆಗೆ ಸರಿಯಾಗಿ ನಾಲ್ಕು ಮಡಿಕೆ ಮಾಡಿ, ಕೊನೆಯ ಸಾಲು ಹೊರಗೆ ಕಾಣುವಂತೆ, ಕೊನೆಯ ಪುಟದ ಕೊನೆಯ ಜೇಬಿಗೆ ಸೇರಿಸಿದರು. ಸರಿಯಾಗಿ ಕೂತಿತು. ಆಲ್ಬಮ್ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು, ನನಗಲ್ಲ, ಇವರಿಗೆ ಕೊಟ್ಟರು. ಉಳಿದವರಿಗೆ ಪ್ಲಾಸ್ಟಿಕ್ ಹಾಕಿಸುವುದಿಲ್ಲವೆಂದು ಇವರಿಂದ ಮೂರು ಸಲ ಮಾತು ತೆಗೆದುಕೊಂಡರು. ಮೂವರೂ ಕರಕ್ ಚಹಾ ಕುಡಿದೆವು.

ವಾಪಸು ಬರುವಾಗ ಕಾರು ಓಡಿಸಿದ್ದು ಇವರು. ಆಲ್ಬಮ್ ನನ್ನ ತೊಡೆಯ ಮೇಲಿತ್ತು, ಆದರೆ ಅದು ಈಗ ನನ್ನದಲ್ಲ. ‘ಕೈ ಒರೆಸಿದ್ದೀಯಾ?’ ಎಂದು ಇವರು ಎರಡು ಸಲ ಕೇಳಿದರು. ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳು. ಕೊನೆಯ ಪುಟ ತೆರೆದು ನೋಡಿದೆ. ನೂರಕ್ಕೂ ಹೆಚ್ಚು ಜನ ಟೋಪಿಯವರ ಕೊನೆಯಲ್ಲಿ, ಮುಖವಿಲ್ಲದ ಒಬ್ಬರು, ಔಟಾಗದೆ ಉಳಿದಿದ್ದರು.

ಬಹಳ ದೂರ ಬಂದ ಮೇಲೆ ಇವರು ರಸ್ತೆಯಿಂದ ಕಣ್ಣು ತೆಗೆಯದೆ, ‘ಇನ್ನೊಂದು ಕಾಪಿ ಮನೆಯಲ್ಲುಂಟು,’ ಎಂದರು. ಮುಂದಿದ್ದ ಲಾರಿಯೊಂದನ್ನು ದಾಟಿ, ‘ಅದನ್ನು...’ ಎಂದು ನಿಲ್ಲಿಸಿದರು.

‘ಮಾಡಿಸಿ ಮಾರಾಯ್ರೆ,’ ಎಂದೆ. ‘ದಪ್ಪದ್ದು. ಎರಡೂ ಕಡೆ.’